ಓಡಿದವನು ಉತ್ತರ, ನಗೆಪಾಟಲು ಬೃಹನ್ನಳೆಗೆ

(ಶಿವಮೊಗ್ಗದಲ್ಲಿ ಕಾಲೇಜು ವಿದ್ಯಾರ್ಥಿಗಳು ಮತ್ತು ಹವ್ಯಾಸಿ ರಂಗತಂಡಗಳ ಗೆಳೆಯರ ಮುಂದೆ ಆಡಿದ ಮಾತುಗಳ ಬರಹ ರೂಪ. ಕೊನೆಗೆ ನಡೆದ ಪ್ರಶ್ನೋತ್ತರದ ಸ್ವಲ್ಪ ಭಾಗವನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಆಹ್ವಾನ ಪತ್ರಿಕೆಯಲ್ಲಿ ವಿಷಯವನ್ನು 'ಜನಪ್ರಿಯ ಹಾಸ್ಯದಲ್ಲಿ ಲಿಂಗತ್ವ ಅಲ್ಪಸಂಖ್ಯಾತರ ಚಿತ್ರಣ: ಒಂದು ಬಹುಸಂಸ್ಕೃತಿಯ ನೋಟ' ಅಂತ ಅಚ್ಚು ಹಾಕಿಸಿದ್ದಾರೆ. ಓದಿ ನನಗೇ ಸ್ವಲ್ಪ ಭಯವಾಯಿತು. ನಾನು ಮಾತಾಡಬೇಕು ಅಂದುಕೊಂಡದ್ದು ಅದಕ್ಕಿಂತ ಸರಳವಾದದ್ದು. ಮಂಗಳಮುಖಿ ಅಂತಲೋ, ಹಿಜಡಾ ಅಂತಲೋ, ಜೋಗಪ್ಪ ಅಂತಲೋ ನಾವು ಕರೆಯುವ ವ್ಯಕ್ತಿ ಒಂದು ಸಿನಿಮಾದಲ್ಲಿ, ಒಂದು ಟಿವಿ ಸ್ಕಿಟ್‌ನಲ್ಲಿ ಕಾಣಿಸಿಕೊಂಡ ತಕ್ಷಣ, ಇನ್ನೂ ಬಾಯಿ ಬಿಡುವ ಮೊದಲೇ ಜನ ನಗುತ್ತಾರಲ್ಲ, ಆ ನಗು ಎಲ್ಲಿಂದ ಬಂತು? ಬೇರೆ ಕಡೆಯವರೂ ಹೀಗೇ ನಗುತ್ತಾರಾ? ಇಷ್ಟೇ ನನ್ನ ಪ್ರಶ್ನೆ.

ಇಂಥ ಸಭೆಗಳಲ್ಲಿ ಜೇಡರ ದಾಸಿಮಯ್ಯನ 'ನಡುವೆ ಸುಳಿವಾತ್ಮನು ಹೆಣ್ಣೂ ಅಲ್ಲ, ಗಂಡೂ ಅಲ್ಲ' ವಚನ ಓದಿ ಶುರು ಮಾಡುವುದು ವಾಡಿಕೆ. ವಚನ ದೊಡ್ಡದು, ಅದರಲ್ಲಿ ಅನುಮಾನವಿಲ್ಲ. ಆದರೆ ಅದಕ್ಕೆ ಚಪ್ಪಾಳೆ ಹೊಡೆದು ಮನೆಗೆ ಹೋಗಿ, ರಾತ್ರಿ ಊಟ ಮಾಡುತ್ತಾ ಅದೇ ಸ್ಕಿಟ್‌ಗೆ ಬಿದ್ದು ಬಿದ್ದು ನಗುವುದೂ ನಮ್ಮ ವಾಡಿಕೆಯೇ. ಅದಕ್ಕೇ ಇವತ್ತು ವಚನ ಪಕ್ಕಕ್ಕಿಟ್ಟು ಬಯಲಾಟದಿಂದ ಶುರು ಮಾಡೋಣ.

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯವರಿಗೆ ವಿರಾಟಪರ್ವ ಹೊಸದಲ್ಲ. ಕೌರವರು ಬಂದು ವಿರಾಟನ ಗೋವುಗಳನ್ನು ಹಿಡಿದಿದ್ದಾರೆ. ರಾಜ ಇನ್ನೊಂದು ದಿಕ್ಕಿಗೆ ಸುಶರ್ಮನ ಬೆನ್ನು ಹತ್ತಿ ಹೋಗಿದ್ದಾನೆ. ಅರಮನೆಯಲ್ಲಿ ಉಳಿದವನು ಉತ್ತರಕುಮಾರ. ಹೆಂಗಸರ ನಡುವೆ ಕೂತು ಅವನು ಕೊಚ್ಚಿಕೊಳ್ಳುವುದನ್ನು ನೋಡಬೇಕು: ಸಾರಥಿ ಒಬ್ಬ ಇಲ್ಲ, ಇದ್ದಿದ್ದರೆ ಭೀಷ್ಮ, ದ್ರೋಣ, ಕರ್ಣರನ್ನೆಲ್ಲ ಊಟದ ಹೊತ್ತಿಗೆ ಮುಗಿಸಿ ಬರುತ್ತಿದ್ದೆ ಅನ್ನುವ ಧಾಟಿ. 'ಉತ್ತರನ ಪೌರುಷ ಒಲೆಯ ಮುಂದೆ' ಅನ್ನುವ ಗಾದೆ ಸುಮ್ಮನೆ ಹುಟ್ಟಿಲ್ಲ. ಆಗ ಸೈರಂಧ್ರಿಯ ವೇಷದಲ್ಲಿದ್ದ ದ್ರೌಪದಿ ಬೃಹನ್ನಳೆಯ ಹೆಸರು ಹೇಳುತ್ತಾಳೆ. ನಾಟ್ಯ ಹೇಳಿಕೊಡುವ, ಗಂಡೂ ಅಲ್ಲದ ಹೆಣ್ಣೂ ಅಲ್ಲದ ಬೃಹನ್ನಳೆ ಬಂದು ಕವಚವನ್ನು ಬೇಕೆಂದೇ ತಲೆಕೆಳಗಾಗಿ ತೊಡುತ್ತಾಳೆ. ಅಂತಃಪುರದ ಹುಡುಗಿಯರು ಗೊಳ್ಳೆಂದು ನಗುತ್ತಾರೆ.

ಮುಂದಿನದು ನಿಮಗೆ ಗೊತ್ತು. ಕೌರವರ ಸೇನೆ ಕಣ್ಣಿಗೆ ಬಿದ್ದದ್ದೇ ತಡ, ಉತ್ತರ ರಥದಿಂದ ಹಾರಿ ಓಡುತ್ತಾನೆ. ಬೃಹನ್ನಳೆ ಜಡೆ ಬೀಸುತ್ತಾ, ಸೆರಗು ಹಾರಿಸುತ್ತಾ ಹಿಂದೆಯೇ ಓಡುತ್ತಾಳೆ. ಆ ಓಟ ನೋಡಿ ಕೌರವರ ಸೈನಿಕರು ನಗುತ್ತಾರೆ. ಇದು ಮೂಲ ಭಾರತದಲ್ಲೇ ಇದೆ, ನಮ್ಮ ಭಾಗವತರು ಸೇರಿಸಿದ್ದಲ್ಲ. ಜುಟ್ಟು ಹಿಡಿಸಿಕೊಂಡ ಉತ್ತರ ಗೋಗರೆಯುತ್ತಾನೆ: ಚಿನ್ನ ಕೊಡ್ತೀನಿ, ರತ್ನ ಕೊಡ್ತೀನಿ, ರಥ ಕೊಡ್ತೀನಿ, ಆನೆ ಕೊಡ್ತೀನಿ, ಬಿಟ್ಟುಬಿಡು. ನಮ್ಮ ಹಾಸ್ಯಗಾರರಿಗೆ ಈ ಲಂಚದ ಪಟ್ಟಿ ಸಿಕ್ಕಿದರೆ ಅರ್ಧ ಗಂಟೆ ಎಳೆಯುತ್ತಾರೆ. ಒಬ್ಬ ಹಾಸ್ಯಗಾರ ಆನೆ ಮುಗಿದ ಮೇಲೆ ಎರಡು ಎಕರೆ ಅಡಿಕೆ ತೋಟಕ್ಕೂ ಇಳಿದದ್ದನ್ನು ನಾನೇ ನೋಡಿದ್ದೇನೆ. ಕೊಳೆರೋಗ ಬಂದ ತೋಟ ಬೇಡ ಅಂತ ಬೃಹನ್ನಳೆ ಹೇಳಿ, ಇಡೀ ಬಯಲು ಎದ್ದು ಕುಣಿದಿತ್ತು.

ಇಲ್ಲಿ ನಗು ಯಾವ ಕಡೆಗೆ ಹರಿಯುತ್ತದೆ ನೋಡಿ. ಹುಡುಗಿಯರು ನಕ್ಕದ್ದು, ಸೈನಿಕರು ನಕ್ಕದ್ದು ಬೃಹನ್ನಳೆಯ ವೇಷಕ್ಕೆ. ಆದರೆ ಬಯಲಲ್ಲಿ ಕೂತ ನಾವು ಅವರ ಜೊತೆ ನಗುವುದಿಲ್ಲ. ನಮ್ಮ ನಗು ಉತ್ತರನ ಮೇಲೆ, ಗಂಡಸುತನ ಕೊಚ್ಚಿಕೊಂಡು ಓಡಿಹೋದವನ ಮೇಲೆ. ಕತೆ ಅಲ್ಲಿಗೂ ನಿಲ್ಲುವುದಿಲ್ಲ. ಬೃಹನ್ನಳೆ ಸಮ್ಮೋಹನಾಸ್ತ್ರ ಬಿಟ್ಟು ಕೌರವ ವೀರರನ್ನೆಲ್ಲ ಮೂರ್ಛೆ ಕೆಡವಿದ ಮೇಲೆ ಅವರ ಮೈಮೇಲಿನ ವಸ್ತ್ರಗಳನ್ನು ಬಿಚ್ಚಿ ತರಿಸುತ್ತಾಳೆ. ಯಾಕೆ? ಉತ್ತರನ ತಂಗಿ ಉತ್ತರೆಯ ಗೊಂಬೆಗಳಿಗೆ ಬಟ್ಟೆ ಬೇಕಿತ್ತು! ಇನ್ನೊಬ್ಬರ ಉಡುಗೆಗೆ ನಕ್ಕ ಸೇನೆಯ ದೊಡ್ಡವರು ತಮ್ಮ ಉಡುಗೆಯನ್ನೇ ಹುಡುಗಿಯ ಗೊಂಬೆಗೆ ಕೊಟ್ಟು ಊರಿಗೆ ಹೋಗುತ್ತಾರೆ. ಇದಕ್ಕಿಂತ ಒಳ್ಳೆಯ ಕಾಮಿಡಿ ಸ್ಕ್ರಿಪ್ಟ್ ಬರೆಯಲು ನಮ್ಮ ಕೈಲಿ ಆಗಿಲ್ಲ.

ಕೊನೆಗೆ ವಿರಾಟನ ಸಭೆ. ಮಗ ಗೆದ್ದನೆಂದು ರಾಜ ಹಿಗ್ಗಿ ಹೀರೇಕಾಯಿ ಆಗಿ ಪಗಡೆಗೆ ಕೂತಿದ್ದಾನೆ. ಎದುರಿಗಿರುವ ಕಂಕಭಟ್ಟ, ಅಂದರೆ ವೇಷ ಮರೆಸಿಕೊಂಡ ಧರ್ಮರಾಯ, ಪದೇ ಪದೇ, ಬೃಹನ್ನಳೆ ಸಾರಥಿಯಾಗಿದ್ದ ಮೇಲೆ ಗೆಲ್ಲದೆ ಇರುತ್ತಾರೆಯೇ ಅನ್ನುತ್ತಾನೆ. ನನ್ನ ಮಗನನ್ನು ಒಬ್ಬ ಷಂಡನಿಗೆ ಸಮ ಮಾಡುತ್ತೀಯಾ ಅಂತ ರಾಜ ದಾಳ ಎತ್ತಿ ಮುಖಕ್ಕೆ ಎಸೆಯುತ್ತಾನೆ, ಕಂಕನ ಮೂಗಲ್ಲಿ ರಕ್ತ. ಬೆಳಗಿನ ಜಾವ ನಾಲ್ಕಕ್ಕೆ ಕಂಬಳಿ ಹೊದ್ದು ಕೂತ ಪ್ರೇಕ್ಷಕನಿಗೆ ಯಾರು ಯಾರೆಂದು ಗೊತ್ತಿದೆ. ಗೊತ್ತಿಲ್ಲದವನು ರಾಜ ಒಬ್ಬನೇ. ಆ ಹೊತ್ತಿನಲ್ಲಿ ಅವನ ಬೈಗುಳ ಅವನಿಗೇ ತಿರುಗಿಕೊಳ್ಳುತ್ತದೆ.

ಹಾಗೆಂದು ಯಕ್ಷಗಾನದವರು ಬೆನ್ನು ತಟ್ಟಿಕೊಳ್ಳುವುದು ಬೇಡ. ಬೃಹನ್ನಳೆ ಗೆಲ್ಲುವುದು ಅವಳು ಒಳಗೆ ಅರ್ಜುನನಾದ್ದರಿಂದ. ಊರ್ವಶಿಯ ಶಾಪಕ್ಕೆ ಒಂದು ವರ್ಷದ ಗಡುವಿತ್ತು. ಬೆಳಗಾಗುವುದರೊಳಗೆ ಗಾಂಡೀವ ಕೈಗೆ ಬರುತ್ತದೆ, ಮಗನಿಗೆ ಉತ್ತರೆಯನ್ನೂ ತಂದುಕೊಳ್ಳುತ್ತಾನೆ, ಎಲ್ಲವೂ ಸರಿಹೋಗುತ್ತದೆ. ಅರ್ಜುನ ಆಗದೆ ಬೃಹನ್ನಳೆಯಾಗಿಯೇ ಉಳಿಯುವವರ ಕತೆಯನ್ನು ನಮ್ಮ ಯಾವ ಮೇಳವೂ ಆಡಿದ್ದನ್ನು ನಾನು ನೋಡಿಲ್ಲ.

ಈಗ ನಮ್ಮ ಕಾಲದ ಒಂದು ಸ್ಕಿಟ್ ತೆಗೆದುಕೊಳ್ಳಿ. ಚಾನೆಲ್ ಯಾವುದಾದರೂ ಇರಲಿ, ಗಣಪತಿ ಪೆಂಡಾಲ್‌ನ ಹಾಸ್ಯ ಸಂಜೆಯಾದರೂ ಇರಲಿ, ಹೆಚ್ಚು ವ್ಯತ್ಯಾಸವಿಲ್ಲ. ನಾಯಕನ ಗೆಳೆಯ ಸೆರಗು ಮುಚ್ಚಿಕೊಂಡ ಒಬ್ಬ ಹೆಂಗಸಿನ ಹಿಂದೆ ಬೀಳುತ್ತಾನೆ. ಹಾಡು, ಹೂವು, ಕಣ್ಣು ಹೊಡೆಯುವುದು. ಸೆರಗು ಸರಿಯುತ್ತದೆ, ದಪ್ಪ ದನಿಯಲ್ಲಿ 'ಏನ್ ಮಾವಾ?' ಬರುತ್ತದೆ, ಜೊತೆಗೆ ಆ ಚಪ್ಪಾಳೆ. ಕೀಬೋರ್ಡಿನವನು ಒಂದು ಟೊಂಯ್ ಬಾರಿಸುತ್ತಾನೆ. ಗೆಳೆಯ 'ಅಯ್ಯೋ ಅಮ್ಮಾ' ಅಂತ ಓಡುತ್ತಾನೆ. ಗಮನಿಸಿ, ಇವನೂ ಓಡುತ್ತಿದ್ದಾನೆ, ಉತ್ತರಕುಮಾರನ ಹಾಗೆಯೇ. ಸೀರೆ ಉಟ್ಟವಳು ಹಿಂದೆ ಬೀಳುವುದೂ ಅದೇ. ಆದರೆ ನಗು ಓಡುವವನ ಮೇಲೆ ಬೀಳುವುದಿಲ್ಲ. ಅವನಿಗೆ 'ಪಾಪ' ಅನ್ನುತ್ತೇವೆ, ಸದ್ಯ ಬಚಾವಾದ ಅನ್ನುತ್ತೇವೆ. ದೃಶ್ಯ ಅದೇ, ನಗು ಮಾತ್ರ ತಿರುವುಮುರುವು.

ಇದಕ್ಕೆ ಸೀರೆಯೇ ಕಾರಣ, ಗಂಡಸು ಸೀರೆ ಉಟ್ಟರೆ ನಗು ಬರುವುದು ಸಹಜ ಅನ್ನುತ್ತಾರೆ ಕೆಲವರು. ಹಾಗಿದ್ದರೆ ನಮ್ಮ ಸ್ತ್ರೀವೇಷಕ್ಕೆ ಜನ ಯಾಕೆ ನಗಲಿಲ್ಲ? ನೂರಾರು ವರ್ಷ ದಮಯಂತಿಯನ್ನೂ ಚಂದ್ರಮತಿಯನ್ನೂ ಗಂಡಸರೇ ಆಡಿದರು, ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಂಡು ನೋಡಿದರು. ಕಂಪನಿ ನಾಟಕಗಳಲ್ಲೂ ಹೆಣ್ಣುಮಕ್ಕಳು ರಂಗಕ್ಕೆ ಬರುವ ತನಕ ನಾಯಕಿ ಅಂದರೆ ಗಂಡಸೇ. ಜಪಾನಿನ ಕಬುಕಿಯನ್ನು 1603ರ ಸುಮಾರಿಗೆ ಶುರು ಮಾಡಿದವಳು ಓಕುನಿ ಎಂಬ ಹೆಂಗಸು. 1629ರಲ್ಲಿ ಅಲ್ಲಿನ ಆಡಳಿತ ಹೆಂಗಸರನ್ನು ರಂಗದಿಂದ ಓಡಿಸಿದ ಮೇಲೆ ಒನ್ನಗಾತ ಎಂಬ ಸ್ತ್ರೀವೇಷದ ಗಂಡು ಕಲಾವಿದರ ಪರಂಪರೆ ಬೆಳೆಯಿತು. ಅವರನ್ನು ನೋಡಿ ನಗಬೇಕೆಂದು ಯಾರಿಗೂ ಅನ್ನಿಸಲಿಲ್ಲ. ಅಂದಮೇಲೆ ಗಂಡಸಿನ ಮೈಮೇಲಿನ ಸೀರೆ ತಾನಾಗಿ ನಗೆಯ ವಸ್ತುವಲ್ಲ. ಯಾರೋ ಕೂತು, ಬರೆದು, ಟೊಂಯ್ ಬಾರಿಸಿ, ಅದನ್ನು ನಗೆ ಮಾಡಬೇಕು.

ನನಗೆ ಪರಿಚಯದ ಒಬ್ಬ ಸ್ತ್ರೀವೇಷದ ಕಲಾವಿದರಿದ್ದಾರೆ. ಅವರ ಹೆಸರು ಬೇಡ. ಆಟ ಮುಗಿದ ಮೇಲೆ ಚೌಕಿಯಲ್ಲಿ ಕೊಬ್ಬರಿ ಎಣ್ಣೆ ಹಚ್ಚಿ ಬಣ್ಣ ತೆಗೆಯುತ್ತಾರೆ, ಲುಂಗಿ ಶರಟು ಹಾಕಿಕೊಂಡು ಬೆಳಗಿನ ಮೊದಲ ಬಸ್ಸಿಗೆ ನಿಲ್ಲುತ್ತಾರೆ. ಕಣ್ಣಂಚಿನ ಕಾಡಿಗೆ ಎಷ್ಟು ಒರೆಸಿದರೂ ಪೂರ್ತಿ ಹೋಗಿರುವುದಿಲ್ಲ. ರಾತ್ರಿಯಿಡೀ ಅವರ ದಾಕ್ಷಾಯಿಣಿಗೆ ಅತ್ತವರ ಮನೆಯ ಹುಡುಗರೇ ಬಸ್‌ಸ್ಟ್ಯಾಂಡಿನಲ್ಲಿ 'ಏನ್ ಮಾವಾ' ಅಂತ ಚಪ್ಪಾಳೆ ತಟ್ಟುತ್ತಾರೆ. 'ಮೊದಲು ಹೀಗಿರಲಿಲ್ಲ ಅಂತಲ್ಲ. ಮೊದಲು ಅವರವರೇ ಯೋಚನೆ ಮಾಡಿ ಆಡಿಕೊಳ್ಳಬೇಕಿತ್ತು. ಈಗ ಟಿವಿಯವರು ರೆಡಿ ಮಾಡಿ ಕೊಟ್ಟಿದ್ದಾರೆ' ಅಂದರು ಅವರು.

ಹೊರಗಿನವರ ಕಡೆ ಬರೋಣ. ಇಲ್ಲೊಂದು ಸೋಜಿಗವಿದೆ. ಕಾಲ ಮುಂದೆ ಹೋದ ಹಾಗೆ ಹಾಸ್ಯ ಸುಧಾರಿಸುತ್ತದೆ ಎಂದು ನಾವು ನಂಬುತ್ತೇವೆ. ಅಮೆರಿಕದ ಎರಡು ಸಿನಿಮಾ ಪಕ್ಕಪಕ್ಕ ಇಟ್ಟರೆ ಆ ನಂಬಿಕೆ ಉಳಿಯುವುದಿಲ್ಲ. 1959ರ 'ಸಮ್ ಲೈಕ್ ಇಟ್ ಹಾಟ್' ನೋಡಿ. ಇಬ್ಬರು ವಾದ್ಯಗಾರರು ಗ್ಯಾಂಗ್‌ಸ್ಟರ್‌ಗಳಿಂದ ತಪ್ಪಿಸಿಕೊಳ್ಳಲು ಹೆಣ್ಣುವೇಷ ಹಾಕಿ ಹೆಂಗಸರ ಬ್ಯಾಂಡ್ ಸೇರುತ್ತಾರೆ. ಅವರಲ್ಲೊಬ್ಬನಿಗೆ ಹಣವಂತ ಮುದುಕನೊಬ್ಬ ಗಂಟು ಬೀಳುತ್ತಾನೆ. ಕೊನೆಯ ದೃಶ್ಯದಲ್ಲಿ, ಮೋಟಾರು ದೋಣಿಯಲ್ಲಿ, ಇವನು ಮದುವೆ ತಪ್ಪಿಸಿಕೊಳ್ಳಲು ಒಂದೊಂದೇ ನೆಪ ತೆಗೆಯುತ್ತಾನೆ. ನನ್ನ ಕೂದಲ ಬಣ್ಣ ನಿಜದ್ದಲ್ಲ. ಪರವಾಗಿಲ್ಲ. ಸಿಗರೇಟು ಸೇದುತ್ತೇನೆ. ಪರವಾಗಿಲ್ಲ. ಮಕ್ಕಳಾಗುವುದಿಲ್ಲ. ದತ್ತು ತೆಗೆದುಕೊಳ್ಳೋಣ. ಕೊನೆಗೆ ಟೋಪನ್ನು ಕಿತ್ತೆಸೆದು, ನಾನು ಗಂಡಸು ಕಣಯ್ಯಾ ಎಂದು ಕೂಗುತ್ತಾನೆ. ಮುದುಕ ದೋಣಿ ನಡೆಸುತ್ತಲೇ ಅನ್ನುತ್ತಾನೆ: ಇರಲಿ ಬಿಡು, ಯಾರೂ ಪರಿಪೂರ್ಣರಲ್ಲ. ಮುಗಿಯಿತು ಸಿನಿಮಾ. ಯಾರೂ ವಾಂತಿ ಮಾಡಿಕೊಳ್ಳುವುದಿಲ್ಲ.

ವಾಂತಿ ಬಂದದ್ದು ಮೂವತ್ತೈದು ವರ್ಷ ಆದಮೇಲೆ. 1994ರ 'ಏಸ್ ವೆಂಚುರಾ' ಸಿನಿಮಾದ ಪತ್ತೇದಾರ, ತಾನು ಮುತ್ತಿಟ್ಟ ಮಹಿಳಾ ಪೊಲೀಸ್ ಅಧಿಕಾರಿ ಹಿಂದೆ ಗಂಡಸಾಗಿದ್ದಳು ಎಂದು ಗೊತ್ತಾದ ಕೂಡಲೇ ವಾಂತಿ ಮಾಡುತ್ತಾನೆ, ಹಲ್ಲುಜ್ಜುತ್ತಾನೆ, ಬಟ್ಟೆ ಸುಡುತ್ತಾನೆ, ಷವರ್ ಕೆಳಗೆ ಕೂತು ಅಳುತ್ತಾನೆ. ಸಿನಿಮಾದ ಕೊನೆಗೆ ಎಲ್ಲರ ಮುಂದೆ ಆಕೆಯ ಬಟ್ಟೆ ಬಿಚ್ಚಿಸುತ್ತಾರೆ, ಸುತ್ತ ನಿಂತ ಪೊಲೀಸರೂ ಥೂ ಎಂದು ಉಗುಳತೊಡಗುತ್ತಾರೆ. ಎರಡು ವರ್ಷ ಮೊದಲು ಬಂದಿದ್ದ 'ದಿ ಕ್ರೈಯಿಂಗ್ ಗೇಮ್' ಎಂಬ ಗಂಭೀರ ಸಿನಿಮಾದ ಅಣಕ ಅದು. ಆ ಗಂಭೀರ ಸಿನಿಮಾದಲ್ಲೂ ನಾಯಕ ವಾಂತಿ ಮಾಡಿದ್ದ, ಆದರೆ ಆಮೇಲೆ ನಾಚಿದ್ದ, ಆಕೆಯ ಜೊತೆ ಉಳಿದಿದ್ದ. ಅಣಕಿಸಿದವರು ವಾಂತಿಯನ್ನು ಮಾತ್ರ ಇಟ್ಟುಕೊಂಡರು. ಆಮೇಲೆ ಅದೊಂದು ಅಚ್ಚೇ ಆಯಿತು. ನಮ್ಮ ಸ್ಕಿಟ್ಟಿನ 'ಅಯ್ಯೋ ಅಮ್ಮಾ'ವೂ ಅದೇ ಜಾತಿಯದು.

ಇದನ್ನೂ ವೇಷ ಮರೆಸುವ ಹಾಸ್ಯವನ್ನೂ ಒಂದೇ ತಕ್ಕಡಿಗೆ ಹಾಕಬಾರದು. 1993ರ 'ಮಿಸೆಸ್ ಡೌಟ್‌ಫೈರ್' ತಮಿಳಿಗೆ 1996ರಲ್ಲಿ 'ಅವ್ವೈ ಷಣ್ಮುಗಿ'ಯಾಗಿ, ಮರುವರ್ಷ ಹಿಂದಿಗೆ 'ಚಾಚಿ 420' ಆಗಿ ಬಂತು. ಮಗಳನ್ನು ನೋಡಲು ಅಪ್ಪ ಮುದುಕಿಯ ವೇಷ ಹಾಕುವ ಕತೆ. ಅಲ್ಲಿ ಮಂಗಳಮುಖಿಯರು ಯಾರೂ ಇಲ್ಲ, ಅವರ ಮೇಲೆ ಕತೆ ನಿಂತೂ ಇಲ್ಲ. ಇಂಥದ್ದಕ್ಕೆಲ್ಲ ಮುಖ ಸಿಂಡರಿಸುವವನು ನಾನಲ್ಲ. ನನ್ನ ತಕರಾರು ಒಂದೇ: ವೇಷ ಹಾಕಿದವನಿಗೂ ಹಾಗೆಯೇ ಬದುಕುವವರಿಗೂ ಇರುವ ವ್ಯತ್ಯಾಸವನ್ನು ಹಾಸ್ಯ ಅಳಿಸಿಹಾಕಿತು. ವೇಷದವನ ಟೋಪನ್ ಕೀಳುವುದು ಆಟ. ಹಾಗೆಯೇ ಬದುಕುವವಳ ಸೆರಗು ಎಳೆಯುವುದು ಬೇರೆಯೇ ಕೆಲಸ, ಅದಕ್ಕೆ ಕಾನೂನಿನಲ್ಲಿ ಹೆಸರಿದೆ. 'ಫ್ರೆಂಡ್ಸ್' ಧಾರಾವಾಹಿಯನ್ನು ಮೊಬೈಲಿನಲ್ಲಿ ನೋಡುವವರು ಇಲ್ಲಿ ಬಹಳ ಜನ ಇದ್ದೀರಿ. ಅದರಲ್ಲಿ ಹೆಣ್ಣಾಗಿ ಬದುಕುವ, ಚಾಂಡ್ಲರ್‌ನ ತಂದೆಯ ಪಾತ್ರವನ್ನು ವರ್ಷಗಟ್ಟಲೆ ಹೀಗೆಯೇ ಗೇಲಿ ಮಾಡಿದರು. ಆ ಪಾತ್ರವನ್ನು 'ತಂದೆ' ಎಂದೇ ಕರೆಯುತ್ತಾ ಬಂದದ್ದು ತಪ್ಪಾಯಿತು ಎಂದು ಸರಣಿಯ ಸೃಷ್ಟಿಕರ್ತರಲ್ಲೊಬ್ಬರಾದ ಮಾರ್ತಾ ಕಾಫ್‌ಮನ್ 2022ರಲ್ಲಿ ಹೇಳಿದರು.

ಇನ್ನೊಂದು ನಂಬಿಕೆಯನ್ನೂ ಸ್ವಲ್ಪ ಅಲ್ಲಾಡಿಸಬೇಕು. ಪಶ್ಚಿಮದಲ್ಲಿ ಗಂಡು ಹೆಣ್ಣು ಎಂಬ ಎರಡೇ ಗೂಡು, ನಮ್ಮ ಏಷ್ಯಾದಲ್ಲಿ ಮೂರನೆಯದಕ್ಕೆ ಮೊದಲಿನಿಂದ ಜಾಗವಿದೆ, ಹಾಗಾಗಿ ನಾವು ಉದಾರಿಗಳು ಎಂಬ ಭಾಷಣ ನೀವು ಕೇಳಿರುತ್ತೀರಿ. ಜಾಗ ಇದೆ, ಒಪ್ಪೋಣ. ಎಂಥ ಜಾಗ? ಥಾಯ್ಲೆಂಡಿನಲ್ಲಿ ಕಥೋಯ್ ಎಂದು ಕರೆಯುವವರು ಟಿವಿಯಲ್ಲಿ, ಸಿನಿಮಾದಲ್ಲಿ ಎಲ್ಲ ಕಡೆ ಕಾಣುತ್ತಾರೆ, ಬಹುಪಾಲು ಕಿರುಚಿ ನಗಿಸುವ ಪಾತ್ರದಲ್ಲಿ. ಅದೇ ದೇಶದಲ್ಲಿ ಸೈನ್ಯದ ಕಡ್ಡಾಯ ಭರ್ತಿಯ ಕಾಗದದಲ್ಲಿ ಅವರಿಗೆ 'ಶಾಶ್ವತ ಮಾನಸಿಕ ಕಾಯಿಲೆ' ಎಂದು ಬರೆಯುತ್ತಿದ್ದರು. ಆ ಕಾಗದ ಹಿಡಿದು ಕೆಲಸ ಕೇಳಲು ಹೋದವರಿಗೆ ಏನಾಗುತ್ತಿತ್ತು ಊಹಿಸಿ. ಅದು ಸಲ್ಲದು ಎಂದು ಅಲ್ಲಿನ ಆಡಳಿತ ನ್ಯಾಯಾಲಯ ಹೇಳಿದ್ದು 2011ರಲ್ಲಿ. ಜಪಾನಿನ ಟಿವಿಯಲ್ಲೂ ಅಷ್ಟೇ, ಇಂಥ ಕಲಾವಿದರಿಲ್ಲದೆ ಮನರಂಜನೆ ಕಾರ್ಯಕ್ರಮ ನಡೆಯುವುದು ಕಷ್ಟ. ಆದರೆ ದಾಖಲೆಯಲ್ಲಿ ಲಿಂಗ ಬದಲಿಸಿಕೊಳ್ಳಬೇಕಾದರೆ ಸಂತಾನಶಕ್ತಿ ತೆಗೆಸಿಕೊಳ್ಳಲೇಬೇಕು ಎಂಬ ಷರತ್ತು ಇತ್ತು. ಸುಪ್ರೀಂ ಕೋರ್ಟ್ ಅದನ್ನು ಅಸಾಂವಿಧಾನಿಕ ಎಂದದ್ದು 2023ರ ಅಕ್ಟೋಬರ್‌ನಲ್ಲಿ. ಪರದೆಯ ಮೇಲೆ ಮುಖ ಕಂಡಷ್ಟಕ್ಕೆ ರೇಷನ್ ಕಾರ್ಡಿನಲ್ಲಿ ಹೆಸರು ಬರುವುದಿಲ್ಲ.

ಥಾಯ್ಲೆಂಡಿನದ್ದೇ ಇನ್ನೊಂದು ಉದಾಹರಣೆ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಅನ್ಯಾಯವಾಗುತ್ತದೆ. 1996ರಲ್ಲಿ ಹೆಚ್ಚುಪಾಲು ಗೇ ಮತ್ತು ಕಥೋಯ್ ಆಟಗಾರರಿದ್ದ ಒಂದು ವಾಲಿಬಾಲ್ ತಂಡ ಅಲ್ಲಿನ ಪುರುಷರ ರಾಷ್ಟ್ರೀಯ ಪಂದ್ಯಾವಳಿ ಗೆದ್ದಿತು. ಅದೇ ಕತೆ 2000ದಲ್ಲಿ 'ಐರನ್ ಲೇಡೀಸ್' ಹೆಸರಿನ ಕಾಮಿಡಿ ಸಿನಿಮಾ ಆಗಿ ಭಾರೀ ಓಡಿತು. ಕಿರುಚಾಟ, ಲಿಪ್‌ಸ್ಟಿಕ್ ಎಲ್ಲ ಅದರಲ್ಲೂ ಇದೆ. ಆದರೆ ಬಾಲ್ ನೆಟ್ಟಿನ ಆಚೆ ಬಿದ್ದಾಗ ಪೆಚ್ಚಾಗುವುದು ಎದುರು ತಂಡದ ಮೀಸೆ ತಿರುವುವವರು. ಉತ್ತರಕುಮಾರರೆಲ್ಲ ಆ ಕಡೆ.

ಪೆಸಿಫಿಕ್ ಸಾಗರದ ಸಮೋವಾ ದ್ವೀಪಗಳಲ್ಲಿ 'ಫಾಲೆ ಐತು' ಎಂಬ ಹಾಸ್ಯ ರೂಪಕದ ಸಂಪ್ರದಾಯವಿದೆ. ಹೆಣ್ಣಿನಂತೆ ಉಟ್ಟು ನುಡಿಯುವ ವಿದೂಷಕ ಅದರ ನಡುವೆ ನಿಂತು ಊರ ಯಜಮಾನರನ್ನೂ ಪಾದ್ರಿಯನ್ನೂ ಎಗ್ಗಿಲ್ಲದೆ ಆಡಿಕೊಳ್ಳುತ್ತಾನೆ. ಮಾತಾಡುತ್ತಿರುವುದು ಮನುಷ್ಯನಲ್ಲ, ಮೈಮೇಲೆ ಬಂದ ಭೂತ ಎಂಬ ಲೆಕ್ಕ, ಹಾಗಾಗಿ ಯಾರೂ ಸಿಟ್ಟಾಗುವಂತಿಲ್ಲ. ಭೂತಕ್ಕೆ ಕೋಳಿ ಕೊಟ್ಟು ನುಡಿ ಕೇಳುವ ನಮಗೆ ಈ ವ್ಯವಸ್ಥೆ ಅರ್ಥವಾಗದೆ ಏನು. ಪಾಕಿಸ್ತಾನದಲ್ಲೂ, ಮುಷರಫ್ ಆಳುತ್ತಿದ್ದ ಕಾಲದಲ್ಲೇ, ಅಲಿ ಸಲೀಂ ಎಂಬ ನಟ ಬೇಗಂ ನವಾಜಿಷ್ ಅಲಿ ಎಂಬ ಸಿರಿವಂತ ವಿಧವೆಯಾಗಿ ಟಿವಿಯಲ್ಲಿ ಕೂತು ದೊಡ್ಡ ದೊಡ್ಡ ರಾಜಕಾರಣಿಗಳನ್ನು ಕಾಲೆಳೆಯುತ್ತಿದ್ದ. ಟೈ ಕಟ್ಟಿದ ನಿರೂಪಕರು ಕೇಳಲಾಗದ ಪ್ರಶ್ನೆಯನ್ನು ಬೇಗಂ ಸೆರಗು ಸರಿಮಾಡಿಕೊಳ್ಳುತ್ತಾ ಕೇಳುತ್ತಿದ್ದಳು. ನಗು ಮೇಲಕ್ಕೆ ಹತ್ತಿದ ಉದಾಹರಣೆಗಳು ಇವು.

ನಮ್ಮವರ ಹಾಸ್ಯವೇ ನಮಗೆ ಗೊತ್ತಿಲ್ಲ. ಉತ್ತರ ಭಾರತದಲ್ಲಿ ಮಗು ಹುಟ್ಟಿದ ಮನೆಗೆ ಹಿಜಡಾಗಳು ಬಂದು 'ಬಧಾಯಿ' ಹಾಡುತ್ತಾರೆ. ಒಬ್ಬಳು ಹೊಟ್ಟೆಗೆ ಬಟ್ಟೆ ತುರುಕಿಕೊಂಡು ಬಸುರಿಯಾಗುತ್ತಾಳೆ. ತಿಂಗಳು ತಿಂಗಳಿಗೂ ಒಂದೊಂದು ಬಯಕೆ, ಒಂದೊಂದು ನೋವು, ಜೊತೆಗೆ ಅತ್ತೆ ನಾದಿನಿಯರ ಮೇಲೆ ದೂರು. ಹೆರಲಾರದವರು ಹೆರುವುದನ್ನು ಆಡಿ ತೋರಿಸುವಾಗ ಬಾಗಿಲ ಸಂದಿಯಲ್ಲಿ ನಿಂತ ಸೊಸೆಯರಿಗೆ ನಗು ತಡೆಯಲಾಗುವುದಿಲ್ಲ. ಇಲ್ಲಿ ನಗಿಸುವವರು ಅವರು, ನಗೆಗೀಡಾಗುವುದು ಮನೆಯ ದೊಡ್ಡಸ್ತಿಕೆ. ನಮ್ಮ ಕಡೆ ಎಲ್ಲಮ್ಮನ ಜೋಗತಿಯರು ಚೌಡಿಕೆ ಹಿಡಿದು ಕತೆ ಹೇಳುವಾಗಲೂ ನಡುನಡುವೆ ಬರುವ ಚಟಾಕಿ ಕೇಳಬೇಕು. ಸೊರಬದ ಚಂದ್ರಗುತ್ತಿಯ ರೇಣುಕಾಂಬೆಯ ಜಾತ್ರೆಗೆ ಹೋದವರಿಗೆ ನಾನು ಹೇಳುವುದು ಗೊತ್ತು. ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರ ನವೆಂಬರ್‌ನಲ್ಲಿ ಪದ್ಮಶ್ರೀ ತೆಗೆದುಕೊಳ್ಳಲು ಹೋದಾಗ ರಾಷ್ಟ್ರಪತಿಗಳ ಮುಂದೆ ನಿಂತು ಸೆರಗಿನಲ್ಲಿ ದೃಷ್ಟಿ ತೆಗೆದರು. ಅಷ್ಟು ಬಿಗುವಿನ ದರ್ಬಾರ್ ಹಾಲ್‌ನಲ್ಲಿ ರಾಷ್ಟ್ರಪತಿಗಳು ನಕ್ಕರು, ಸಭೆ ಚಪ್ಪಾಳೆ ತಟ್ಟಿತು. ಆ ಚಪ್ಪಾಳೆಯಲ್ಲಿ ಗೇಲಿ ಇರಲಿಲ್ಲ.

ಬರೀ ಹಾಸ್ಯ, ಇಷ್ಟು ಗಂಭೀರವಾಗಿ ಯಾಕೆ ತೆಗೆದುಕೊಳ್ಳಬೇಕು? ಕೇರಳದಲ್ಲಿ 2005ರಲ್ಲಿ 'ಚಾಂದುಪೊಟ್ಟು' ಎಂಬ, ಹೆಣ್ಣಿನ ಹಾವಭಾವದ ನಾಯಕನ ಸಿನಿಮಾ ಬಂತು. ಅದಾದ ಮೇಲೆ ಆ ಸಿನಿಮಾದ ಹೆಸರೇ ಶಾಲೆ ಕಾಲೇಜುಗಳಲ್ಲಿ ಮೆತ್ತಗಿನ ಹುಡುಗರನ್ನು ಹಂಗಿಸುವ ಬೈಗುಳವಾಯಿತು. ನಮ್ಮಲ್ಲಿ ಹಾಜರಿ ಕರೆಯುವಾಗ ಒಂಬತ್ತನೇ ನಂಬರಿನ ಹುಡುಗ 'ಪ್ರೆಸೆಂಟ್ ಸರ್' ಅಂದರೆ ಹಿಂದಿನ ಬೆಂಚು ಯಾಕೆ ಕಿಸಕ್ಕನೆ ನಗುತ್ತದೆ ಎಂದು ಇಲ್ಲಿರುವ ಮೇಷ್ಟರುಗಳಿಗೆ ಬಿಡಿಸಿ ಹೇಳಬೇಕಿಲ್ಲ. ಇನ್ನು ಹಿಜಡಾಗಳು ಮಕ್ಕಳನ್ನು ಎತ್ತಿಕೊಂಡು ಹೋಗುತ್ತಾರೆ ಎಂಬ ಹಳೆಯ ಜೋಕು. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆಯಲ್ಲಿ ಬ್ರಿಟಿಷರು ಇದೇ ಗುಮಾನಿಯ ಮೇಲೆ ಇವರ ಪಟ್ಟಿ ಮಾಡಿಸಿದರು. ನಮ್ಮದೇ ಕರ್ನಾಟಕ ಪೊಲೀಸ್ ಕಾಯ್ದೆಗೆ 2011ರಲ್ಲಿ 36ಎ ಎಂಬ ಕಲಂ ಸೇರಿಸಿ ಮತ್ತೆ ಪಟ್ಟಿ ಮಾಡಲು ಹೊರಟಿದ್ದರು. ಹೈಕೋರ್ಟಿನಲ್ಲಿ ಪ್ರಶ್ನಿಸಿದ ಮೇಲೆ ಅದರ ಮಾತು ತಿದ್ದಬೇಕಾಯಿತು. 2018ರ ಮೇ ತಿಂಗಳಲ್ಲಿ ಮಕ್ಕಳ ಕಳ್ಳರ ವಾಟ್ಸಾಪ್ ವದಂತಿ ಹಬ್ಬಿದಾಗ ಹೈದರಾಬಾದಿನಲ್ಲಿ ಜನ ಸೇರಿ ಒಬ್ಬ ಮಂಗಳಮುಖಿಯನ್ನು ಹೊಡೆದೇ ಕೊಂದರು. ಜೋಕು ಕೊಂದಿತು ಎಂದು ನಾನು ಹೇಳುತ್ತಿಲ್ಲ. ಕೊಲ್ಲಲು ಬಂದವರಿಗೆ ಇವಳು ಯಾರು ಎಂದು ಯಾರೂ ಪರಿಚಯ ಮಾಡಿಕೊಡಬೇಕಾಗಿರಲಿಲ್ಲ, ಅಷ್ಟು ಹೇಳುತ್ತಿದ್ದೇನೆ.

ಹಾಸ್ಯ ಬೇಡ, ಕಣ್ಣೀರು ಇರಲಿ ಎಂಬುದು ಪರಿಹಾರವೇ? 2015ರಲ್ಲಿ ಬಿ.ಎಸ್. ಲಿಂಗದೇವರು 'ನಾನು ಅವನಲ್ಲ ಅವಳು' ಮಾಡಿದರು, ತಮಿಳುನಾಡಿನ ಮಂಗಳಮುಖಿ ಲಿವಿಂಗ್ ಸ್ಮೈಲ್ ವಿದ್ಯಾ ಅವರ ಆತ್ಮಕಥೆಯ ಮೇಲೆ. ನಮ್ಮ ಪಕ್ಕದ ಕಡೂರು ಸೀಮೆಯ ನಟ ಸಂಚಾರಿ ವಿಜಯ್‌ಗೆ ಅದಕ್ಕೆ ರಾಷ್ಟ್ರಪ್ರಶಸ್ತಿ ಬಂತು, ಅರ್ಹವಾಗಿಯೇ ಬಂತು. ಹೆಗ್ಗೋಡಿನ ಜನಮನದಾಟ ತಂಡ ಮಂಗಳಮುಖಿ ಲೇಖಕಿ ಎ. ರೇವತಿಯವರ ಬದುಕನ್ನು 'ಬದುಕು ಬಯಲು' ನಾಟಕವಾಗಿ ಊರೂರಿಗೆ ಹೊತ್ತೊಯ್ದಿತು. ನಾಟಕ ನೋಡಿ ಮಾತು ಬರದೆ ಎದ್ದುಹೋದವರನ್ನು ನಾನು ಬಲ್ಲೆ. ಇವೆಲ್ಲ ಬೇಕೇ ಬೇಕು. ಆದರೆ ಒಂದೋ ಗೇಲಿ, ಇಲ್ಲವೇ ಗೋಳು, ಎರಡೇ ಖಾತೆ ತೆರೆದಿಟ್ಟರೆ ಅವರಿಗೆ ಸಾಧಾರಣ ಬದುಕಿನ ಪಾತ್ರ ಸಿಗುವುದು ಯಾವಾಗ? ಸೊಸೈಟಿಯಲ್ಲಿ ಕ್ಯೂ ನಿಂತು ಜಗಳ ಆಡುವ, ಗ್ಯಾಸ್ ಸಿಲಿಂಡರ್ ತಡವಾಯಿತೆಂದು ಫೋನಿನಲ್ಲಿ ರೇಗುವ, ಪಕ್ಕದ ಮನೆಯವಳ ಅಡುಗೆಗೆ ಮೂಗು ಮುರಿಯುವ ಮಂಗಳಮುಖಿ ನಮ್ಮ ಯಾವ ಧಾರಾವಾಹಿಯಲ್ಲಿದ್ದಾಳೆ? 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟ್ ನಾಲ್ಸಾ (ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ) ತೀರ್ಪಿನಲ್ಲಿ ಅವರ ಲಿಂಗತ್ವವನ್ನು ಅವರೇ ಹೇಳಿಕೊಳ್ಳುವ ಹಕ್ಕು ಕೊಟ್ಟಿತು. 2021ರಲ್ಲಿ ನಮ್ಮ ರಾಜ್ಯ ಸರ್ಕಾರಿ ಕೆಲಸದಲ್ಲಿ ಶೇ. 1 ಮೀಸಲು ಇಟ್ಟಿತು, ದೇಶದಲ್ಲೇ ಮೊದಲು. ನಮ್ಮ ಸ್ಕ್ರಿಪ್ಟ್ ಬರೆಯುವವರಿಗೆ ಈ ಸುದ್ದಿಯೆಲ್ಲ ಇನ್ನೂ ತಲುಪಿಲ್ಲ.

ಇಷ್ಟು ಹೇಳಿ ನಾನು ಕೂತೆ. ಆಮೇಲಿನ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಬರೆಯುತ್ತೇನೆ.

ಒಬ್ಬ ವಿದ್ಯಾರ್ಥಿ ಕೇಳಿದ: 'ಸರ್, ಹೀಗೆ ಎಲ್ಲದಕ್ಕೂ ಬೇಜಾರು ಮಾಡ್ಕೊಂಡ್ರೆ ಕಾಮಿಡಿ ಮಾಡೋದಾದ್ರೂ ಹೇಗೆ? ಡೇವ್ ಚಾಪೆಲ್ ವಿಷಯದಲ್ಲಿ ಅಷ್ಟು ಗಲಾಟೆ ಆಯ್ತಲ್ಲ.' 2021ರ ಅಕ್ಟೋಬರ್‌ನಲ್ಲಿ ಅಮೆರಿಕದ ಹಾಸ್ಯಗಾರ ಚಾಪೆಲ್‌ರ, ಲಿಂಗತ್ವ ಅಲ್ಪಸಂಖ್ಯಾತರ ಮೇಲೆ ಜೋಕುಗಳಿದ್ದ ಕಾರ್ಯಕ್ರಮ ಬಂದಾಗ ನೆಟ್‌ಫ್ಲಿಕ್ಸ್‌ನ ಕೆಲವು ನೌಕರರೇ ಕೆಲಸ ಬಿಟ್ಟು ಹೊರಗೆ ಬಂದು ಪ್ರತಿಭಟಿಸಿದ್ದರು. ನಾನು ಹೇಳಿದೆ: ಅವರ ಕಾರ್ಯಕ್ರಮ ಇವತ್ತಿಗೂ ಅಲ್ಲೇ ಇದೆ, ಬಾಯಿ ಯಾರೂ ಹೊಲಿದಿಲ್ಲ. ನಗಿಸುವ ಹಕ್ಕು ನಿನಗಿದೆ, ನಗದೇ ಕೂರುವ ಹಕ್ಕು ಪ್ರೇಕ್ಷಕನಿಗೂ ಇದೆ. ನಿನ್ನ ಸ್ಕಿಟ್ ಬರೆದಾದ ಮೇಲೆ ಒಂದು ಕೆಲಸ ಮಾಡು. ಆ ಪಾತ್ರದ ಚಪ್ಪಾಳೆ, ದಪ್ಪ ದನಿ, ಸೆರಗು ಮೂರನ್ನೂ ತೆಗೆದು ಉಳಿದ ಮಾತನ್ನು ಓದು. ನಗು ಬಂದರೆ ನೀನು ಜೋಕು ಬರೆದಿದ್ದೀಯ. ಬರದಿದ್ದರೆ ಇನ್ನೂ ಬರೆಯುವುದು ಬಾಕಿ ಇದೆ.

ಇನ್ನೊಂದು ಪ್ರಶ್ನೆ ಒಬ್ಬ ಹುಡುಗಿಯದು. ಯುವಜನೋತ್ಸವಕ್ಕೆ ಅವರ ಕಾಲೇಜಿನ ಪ್ರಹಸನ ತಯಾರಾಗಿದೆ, ಅದರಲ್ಲಿ ಇಂಥದ್ದೇ ಒಂದು ಪಾತ್ರ ಇದೆ, ಮಾಡುತ್ತಿರುವವನು ಅವರ ತರಗತಿಯ ಹುಡುಗ. ತೆಗೆದುಹಾಕಬೇಕಾ? ತೆಗೆಯಬೇಡಿ, ಅವಳಿಗೆ ಒಳ್ಳೆಯ ಮಾತು ಬರೆಯಿರಿ, ಪೆಚ್ಚಾಗಲು ಬೇರೆ ಯಾರನ್ನಾದರೂ ಹುಡುಕಿ ಎಂದೆ. ಹಿಂದಿನ ಸಾಲಿನಲ್ಲಿ ಗೆಳತಿಯರ ಜೊತೆ ಕೂತಿದ್ದ ಒಬ್ಬ ಮಂಗಳಮುಖಿ ಎದ್ದು ನಿಂತರು. 'ಮೇಷ್ಟ್ರೇ, ಆ ಹುಡುಗ ಯಾಕೆ ಮಾಡ್ಬೇಕು? ನಾನು ಮಾಡ್ತೀನಿ. ಚಪ್ಪಾಳೆ ಹೊಡೆಯೋಕೆ ಅವನಿಗೆ ಬರಲ್ಲ, ಪೇಪರ್ ಹರಿದ ಹಾಗೆ ಸದ್ದು ಬರುತ್ತೆ' ಅಂದರು. ಸಭೆ ನಕ್ಕಿತು. ಯುವಜನೋತ್ಸವದಲ್ಲಿ ವಿದ್ಯಾರ್ಥಿಗಳೇ ಪಾತ್ರ ಮಾಡಬೇಕಕ್ಕ, ನಿಯಮ ಇದೆ ಅಂದಳು ಹುಡುಗಿ. 'ಸರಿ ತಂಗಿ, ಹಾಗಾದ್ರೆ ಕಲಿಸಿಕೊಡ್ತೀನಿ. ಒಂದು ದಿನಕ್ಕೆ ಎಷ್ಟು ಕೊಡ್ತೀರಿ? ಆಶೀರ್ವಾದಕ್ಕೆ ಬೇರೆ ರೇಟು, ರಿಹರ್ಸಲ್‌ಗೆ ಬೇರೆ ರೇಟು' ಅಂದರು ಅವರು. ಕಾಲೇಜಿನ ಸಾಂಸ್ಕೃತಿಕ ವಿಭಾಗದ ಸಂಚಾಲಕರು ಅಲ್ಲೇ ಇದ್ದರು. ಪ್ರಾಂಶುಪಾಲರನ್ನು ಕೇಳಿ ಹೇಳುತ್ತೇನೆ ಎಂದು ಅವರ ನಂಬರ್ ಬರೆದುಕೊಂಡಿದ್ದಾರೆ.